ಹಾಸಿಗೆಗೆ ಹತ್ತಕ್ಕೆ ಹತ್ತು

ಸಾಹೇಬರು: ಸೋಪಿಗೆ ಸೊನ್ನೆ!

ಹೆಂಡತಿ: ರೀ, ಮೆತ್ತಗೆ. ಮ್ಯಾನೇಜರ್ ಇಲ್ಲೇ ಇದಾರೆ.

ಸಾಹೇಬರು: ಇರಲಿ. ಬಂದ ದಿನ ಇಟ್ಟ ಸೋಪು ಸವೆದು ಸವೆದು ಹುಣಸೆಬೀಜ ಆಗಿದೆ. ಇವತ್ತು ಬೆಳಿಗ್ಗೆ ಅದು ನನ್ನ ಉಜ್ಜಿತೋ ನಾನು ಅದನ್ನ ಉಜ್ಜಿದೆನೋ, ಗೊತ್ತಾಗ್ಲಿಲ್ಲ. ಸೊನ್ನೆ ಅಂದ್ರೆ ಸೊನ್ನೆ!

ಮೂವತ್ತು ವರ್ಷ ಶಾಲೆಗಳ ತಪಾಸಣೆ ಮಾಡಿ ನಿವೃತ್ತರಾದ ಇನ್ಸ್‌ಪೆಕ್ಟರ್ ಸಾಹೇಬರು ಆ ಹನ್ನೆರಡೇ ಕೋಣೆಗಳ ದುಬಾರಿ ಹೋಟೆಲಿನ ಹಜಾರದಲ್ಲಿ, ಸೋಫಾದೊಳಗೆ ಮುಳುಗಿದ್ದರು. ಮೊಣಕಾಲು ಗದ್ದಕ್ಕೆ ತಾಗುವಷ್ಟು ಮುಳುಗಿದ್ದರು. ಆದರೂ ಕೆಂಪು ಪೆನ್ನು ಹಿಡಿದ ಕೈ ಮಾತ್ರ ಧ್ವಜದಂತೆ ಮೇಲಿತ್ತು. ಎಷ್ಟೋ ಮೇಷ್ಟರ ಎದೆ ನಡುಗಿಸಿದ್ದ ಆ ಆಯುಧಕ್ಕೆ ನಿವೃತ್ತಿಯ ಮೇಲೆ ದಿನಸಿ ಚೀಟಿ ಬಿಟ್ಟರೆ ಬೇರೆ ಬೇಟೆ ಸಿಕ್ಕಿರಲಿಲ್ಲ. ಇಂದು, ಹೊರಡುವ ದಿನ, ಹೋಟೆಲಿನವರೇ ಒಂದು ಕಾರ್ಡು ಕೊಟ್ಟು, ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಕೊಡಿ ಎಂದು ಕೈಮುಗಿದಿದ್ದರು. ಪಾಪ, ಅವರಿಗೇನು ಗೊತ್ತು!

ಮೂರು ದಿನದ ವಾಸ ಮಗಳ ಉಡುಗೊರೆ. ಷರತ್ತು ಒಂದೇ: ಅಮ್ಮ ಇಲ್ಲಿ ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡಬಾರದು. ಕಾವಲಿಗೆ ಅಪ್ಪ.

ಹೆಂಡತಿ: ದೀಪಕ್ಕೆ?

ಸಾಹೇಬರು: ಮೂರು. ತಲೆ ಹತ್ರ ಹದಿನಾಲ್ಕು ಸ್ವಿಚ್ಚು. ಪೇಪರ್ ಓದೋಣ ಅಂತ ಒಂದು ಒತ್ತಿದ್ರೆ ಕಿಟಕಿ ಪರದೆ ತಾನಾಗೇ ಸರೀತು. ಎದುರು ಕಟ್ಟಡದೋರೆಲ್ಲ ನನ್ನ ಬನಿಯನ್ ನೋಡಿದ್ರು.

ಹೆಂಡತಿ: ಅವರು ಎಷ್ಟು ಕೊಟ್ರೋ!

ಸಾಹೇಬರು: ಊಟ. ತಟ್ಟೆಗೆ ಒಂಬತ್ತು. ಒಳಗಿದ್ದದ್ದಕ್ಕೆ ಎರಡು. ಕನ್ನಡಕ ಹಾಕ್ಕೊಂಡು ಹುಡುಕಬೇಕಾಯ್ತು. ಈ ಸೋಫಾಕ್ಕೆ ಒಂದು. ಕೂತೋರು ಏಳಬಾರದು ಅಂತಾನೇ ಮಾಡಿಸಿದ್ದಾರೆ. ಆದರೆ ಹಾಸಿಗೆ!

ಸಾಹೇಬರ ಮುಖ ಅರಳಿತು.

ಸಾಹೇಬರು: ಹತ್ತಕ್ಕೆ ಹತ್ತು! ನಾನು ಬೆಳಿಗ್ಗೆ ವಾಕಿಂಗ್ ಮುಗಿಸಿ ಬರೋಷ್ಟರಲ್ಲಿ ಏನು ಹಾಸಿರ್ತಾರೆ! ಒಂದು ಸುಕ್ಕಿಲ್ಲ. ಮೂಲೆಗಳು ಲಕೋಟೆ ಥರ. ಮೂರು ದಿನದಿಂದ ಬಡ್ಕೊತಿದೀನಿ, ನೋಡಿ ಕಲಿ ಅಂತ. ಹಾಸ್ಟೆಲ್ ವಾರ್ಡನ್ ಆಗಿದ್ದೋಳು ನೀನು. ಮನೇಲಿ ನೀನು ಹಾಸೋದೂ ಒಂದು ಹಾಸೋದಾ?

ಹೆಂಡತಿ: ಹೂಂ. ಬರೀರಿ.

ಆಕೆ ಸೋಫಾದ ದಿಂಬೊಂದನ್ನು ತಟ್ಟಿ ನೆಟ್ಟಗೆ ಮಾಡಿದರು. ಕಾವಲಿನವರು ಗಮನಿಸಲಿಲ್ಲ.

ಸಾಹೇಬರು: ಷರಾ ಬರೀತೀನಿ. 'ಈ ಹಾಸಿಗೆ ಹಾಸಿದ ಕೈಗೆ ಚಿನ್ನದ ಬಳೆ ತೊಡಿಸತಕ್ಕದ್ದು.' ಸಹಿ. ದಿನಾಂಕ. ಬರೆದದ್ದನ್ನ ನಾನು ಇಡೀ ಸರ್ವೀಸಲ್ಲಿ ಅಳಿಸಿಲ್ಲ.

ಮ್ಯಾನೇಜರ್ ಬಂದು ಕಾರ್ಡು ಓದಿದ. ಸೋಪಿನ ಸಾಲಿಗೆ ಬಂದಾಗ ಅವನ ನಗು ಸಾಹೇಬರ ಸೋಪಿನಂತೆಯೇ ಕರಗಿತು. ಕೋಣೆಗಳ ಕೆಲಸ ನೋಡುವ ಹೆಂಗಸನ್ನು ಕರೆಸಿದ.

ಮ್ಯಾನೇಜರ್: ಇವರ ರೂಮಿಗೆ ಮೂರು ದಿನ ಯಾಕೆ ಸೋಪು ಇಟ್ಟಿಲ್ಲ?

ಕೆಲಸದಾಕೆ: ಬಾಗಿಲಿಗೆ 'ತೊಂದರೆ ಕೊಡಬೇಡಿ' ಅಂತ ಬೋರ್ಡ್ ನೇತಾಡ್ತಿತ್ತು ಸಾರ್. ನಾನು ಒಳಗೆ ಕಾಲೇ ಇಟ್ಟಿಲ್ಲ.

ಮ್ಯಾನೇಜರ್: ಕಾಲಿಡದೆ ಹಾಸಿಗೆ ಹೇಗೆ ಹಾಸಿದೆ? ಹತ್ತಕ್ಕೆ ಹತ್ತು ಬಂದಿದೆ ನೋಡು! ಹಾಸಿಗೆ ಹಾಸಿದ್ದೀಯ, ಸೋಪು ಇಟ್ಟಿಲ್ಲ. ಹಾಗಾದ್ರೆ ಆ ಸೋಪೆಲ್ಲ ಯಾರ ಮನೆಗೆ ಹೋಯ್ತು?

ಸಾಹೇಬರು: ಅದೇ ನನ್ನ ಪ್ರಶ್ನೇನೂ!

ಕೆಲಸದಾಕೆ: ದೇವರಾಣೆ ಸಾರ್, ನಾನು ಒಂದು ಸೋಪೂ ಮುಟ್ಟಿಲ್ಲ.

ಮ್ಯಾನೇಜರ್: ಸಾಹೇಬರು ಸಹಿ ಹಾಕಿದ್ದಾರೆ. ನಾಳೆಯಿಂದ ನೀನು ಬರೋದು ಬೇಡ.

ಆಕೆಯ ಕಣ್ಣು ತುಂಬಿತು. ಹೆಂಡತಿ ಮುಂದೆ ಬಂದರು.

ಹೆಂಡತಿ: ಬೋರ್ಡ್ ನೇತು ಹಾಕಿದ್ದು ನಾನು.

ಸಾಹೇಬರು: ನೀನಾ? ಯಾಕೆ?

ಹೆಂಡತಿ: ನಾವು ಮಲಗಿ ಎದ್ದ ಹಾಸಿಗೇನ ಇನ್ನೊಬ್ಬರ ಮನೆ ಹೆಣ್ಮಗಳು ಬಂದು ನೋಡ್ಬೇಕಾ? ದಿಂಬಿನ ಮೇಲೆ ನಿಮ್ಮ ಒದ್ದೆ ಟವಲು, ಟೀವಿ ಮೇಲೆ ಬನಿಯನ್ನು. ಮಾನ ಉಳಿಯುತ್ತಾ?

ಸಾಹೇಬರು: ಹಾಗಾದ್ರೆ... ಹಾಸಿಗೆ?

ಹೆಂಡತಿ: ನೀವು ವಾಕಿಂಗ್ ಹೋದ ತಕ್ಷಣ, ನಾನೇ.

ಧ್ವಜದಂತಿದ್ದ ಕೈ ಮೊದಲ ಸಲ ಕೆಳಗಿಳಿಯಿತು.

ಸಾಹೇಬರು: ಮತ್ತೆ ಮನೇಲಿ ಯಾಕೆ ಹೀಗೆ ಹಾಸಲ್ಲ?

ಹೆಂಡತಿ: ಮನೇಲೂ ಹೀಗೇ ಹಾಸೋದು, ಮದುವೆಯಾದಾಗಿನಿಂದ. ಅಲ್ಲಿ ನಿಮಗೆ ಯಾರೂ ಕಾರ್ಡ್ ಕೊಡಲ್ಲ, ಅಷ್ಟೆ.

ಸಾಹೇಬರು ಕೆಲಸದಾಕೆಯನ್ನು ನೋಡಿದರು. ಆಕೆ ಪೆನ್ನನ್ನೇ ನೋಡುತ್ತಿದ್ದಳು. ಅಳಿಸಿದರೆ ಮೂವತ್ತು ವರ್ಷದ ವ್ರತ ಕೆಡುತ್ತದೆ. ಅಳಿಸದಿದ್ದರೆ ಒಬ್ಬಳ ಅನ್ನ ಹೋಗುತ್ತದೆ. ಇನ್ಸ್‌ಪೆಕ್ಟರ್ ಬುದ್ಧಿ ಸುಮ್ಮನೆ ಸಂಬಳ ತಿಂದಿರಲಿಲ್ಲ. ಅವರು ಕಾರ್ಡನ್ನು ವಾಪಸು ಪಡೆದರು, ಆದರೆ ಏನನ್ನೂ ಅಳಿಸಲಿಲ್ಲ. ಸೊನ್ನೆಯ ಎಡಕ್ಕೆ ಒಂದು 'ಒಂದು' ಎಳೆದರು. ಸೋಪಿಗೂ ಹತ್ತಾಯಿತು.

ಮ್ಯಾನೇಜರ್ ಹಲ್ಲುಕಿರಿದು, ನಾಳೆಯೂ ಬಾ ಎಂದ. ಕೆಲಸದಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು ಮೆಲ್ಲಗೆ ಕಾರ್ಡಿನ ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಸರಿಸಿದರು. ಹೆಂಡತಿ ಆ ಹೆಬ್ಬೆರಳನ್ನು ಎತ್ತಿ ಪಕ್ಕಕ್ಕಿಟ್ಟರು.

ಹೆಂಡತಿ: ಷರಾ ಇದೆ. ಸಹಿ ಇದೆ. ದಿನಾಂಕ ಇದೆ. ಅಳಿಸೋ ಅಭ್ಯಾಸ ನಿಮಗಿಲ್ಲ.

ಸಾಹೇಬರು: ಕಡ್ಡಿ ಎತ್ತಿಡಬಾರದು ಅಂತ ಮಗಳ ಷರತ್ತಿತ್ತು! ಈಗಲೇ ಫೋನ್ ಮಾಡಿ ಹೇಳ್ತೀನಿ.

ಹೆಂಡತಿ: ಹೇಳಿ. ಷರಾನೂ ಓದಿ ಹೇಳಿ. ಏನಮ್ಮಾ, ಇಲ್ಲಿ ಹತ್ರದಲ್ಲಿ ಚಿನ್ನದಂಗಡಿ ಎಲ್ಲಿದೆ?

ಕೆಲಸದಾಕೆ: ಎದುರಿಗೇ ಅಮ್ಮ. ಈಗಷ್ಟೇ ಬಾಗಿಲು ತೆಗೆದ್ರು.

ಸಾಹೇಬರಿಗೆ ಎದ್ದು ಓಡಬೇಕೆನ್ನಿಸಿತು. ಒಮ್ಮೆ ತಿಣುಕಿದರು, ಎರಡು ಸಲ ತಿಣುಕಿದರು. ಸೋಫಾ ಬಿಡಲಿಲ್ಲ.

ಹೆಂಡತಿ: ಸೋಫಾಕ್ಕೆ ಎಷ್ಟು ಕೊಟ್ಟಿದ್ರಿ?

ಸಾಹೇಬರು: ಒಂದು.

ಹೆಂಡತಿ: ಪಾಪ, ಅದರ ಪಕ್ಕ ಒಂದು ಸೊನ್ನೆ ಹಾಕ್ಬಿಡಿ.