ನಾಳೆ ಬಾ ಎಂದರೆ ಹೋಗದ ಅಪ್‌ಡೇಟು

ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಕೊಟ್ರೇಶ್ ಎಂಟು ತಿಂಗಳಿಂದ ಒಂದು ಯುದ್ಧವನ್ನು ಗೆಲ್ಲುತ್ತಲೇ ಬಂದಿದ್ದರು. ಶತ್ರು ದಿನವೂ ಲ್ಯಾಪ್‌ಟಾಪಿನ ಮೂಲೆಯಲ್ಲಿ ತಲೆಯೆತ್ತಿ, ‘ಹೊಸ ಅಪ್‌ಡೇಟ್ ಬಂದಿದೆ. ಈಗಲೇ? ನಾಳೆ?’ ಎಂದು ಕೇಳುತ್ತಿತ್ತು. ಕೊಟ್ರೇಶ್ ಓದುವ ಗೋಜಿಗೂ ಹೋಗದೆ ಬಲಗಡೆಯ ‘ನಾಳೆ’ ಒತ್ತುತ್ತಿದ್ದರು. ಅವರು ಚಿಕ್ಕವರಿದ್ದಾಗ ಹರಪನಹಳ್ಳಿ ಕಡೆಯ ಅವರ ಊರಿನ ಬಾಗಿಲುಗಳ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ಬಂದ ದೆವ್ವ ಅದನ್ನೋದಿ ಮರಳುತ್ತಿತ್ತಂತೆ. (ಊರಿನ ಅರ್ಧ ಜನಕ್ಕೆ ಓದು ಬಾರದ ಕಾಲದಲ್ಲಿ ದೆವ್ವ ಮಾತ್ರ ಅಕ್ಷರಸ್ಥ!) ಮನೆತನದ ಮೊದಲ ಪದವೀಧರರಾದ ಕೊಟ್ರೇಶ್ ಆ ತಂತ್ರವನ್ನು ಆಧುನೀಕರಿಸಿದ್ದರು, ಅಷ್ಟೇ.

“ಆ ದೆವ್ವಕ್ಕೂ ಒಂದಿನ ಸಿಟ್ಟು ಬರ್ತೈತಿ, ನೋಡ್ರಿ,” ಎಂದಿದ್ದಳು ಹೆಂಡತಿ ಜಗದಾಂಬಾ.

ಬಂತು. ಶುಕ್ರವಾರ ಪರದೆಯ ಮೇಲೆ ಅಂತಿಮ ನೋಟಿಸು: ‘ಇನ್ನು ಮುಂದೂಡಲಾಗದು. ಭಾನುವಾರದೊಳಗೆ ಸಮಯ ಆರಿಸಿ.’ ಆ ಭಾನುವಾರ ಹನ್ನೊಂದಕ್ಕೇ ಜಗದಾಂಬಾಳ ಮೊಟ್ಟಮೊದಲ ಆನ್‌ಲೈನ್ ತರಗತಿ. ವಿಷಯ ಶೇಂಗಾ ಹೋಳಿಗೆ. ಹೆಸರು ಕೊಟ್ಟವರು ಇಪ್ಪತ್ತಾರು ಹೆಣ್ಣುಮಕ್ಕಳು.

“ರೀ, ಕ್ಲಾಸಿನ ನಡುವೆ ಇದೇನಾದ್ರೂ ಕಣ್ಣು ಮುಚ್ಚಿತೋ, ಮುಂದಿನ ಹೋಳಿ ಹುಣ್ಣಿಮೆಗೂ ನಿಮಗೆ ಹೋಳಿಗೆ ಇಲ್ಲ, ಅನ್ನ ಸಾರೇ!”

ಕೊಟ್ರೇಶ್ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು. ಟಿಪ್ಪಣಿ ಹಾಳೆ ಇಲ್ಲದೆ ಯಾವ ತೀರ್ಮಾನವನ್ನೂ ಕೈಗೊಂಡವರಲ್ಲ. ಶನಿವಾರ ಬೆಳಿಗ್ಗೆ: ರಾಹುಕಾಲ, ತಿರಸ್ಕೃತ. ಮಧ್ಯಾಹ್ನ: ಕರೆಂಟ್ ಹೋಗುವ ಪ್ರಕಟಣೆ ಇದೆ, ತಿರಸ್ಕೃತ. ಸಂಜೆ ಆರೂವರೆ: ಗೋಧೂಳಿ, ಮಂಜೂರು.

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಅದು ಪ್ಲಗ್ಗಿನ ಉಸಿರಲ್ಲೇ ಬದುಕಿತ್ತು. ಹಾಗಾಗಿ ಆರೂವರೆಗೆ ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಫ್ಯೂಸ್ ಹೋದೀತೆಂದು ಗೀಸರ್, ಇಸ್ತ್ರಿ, ಮಿಕ್ಸಿ ಎಲ್ಲವೂ ನಿಷಿದ್ಧ.

“ಮಿಕ್ಸಿ ಇಲ್ದೆ ಎರಡು ಕಿಲೋ ಶೇಂಗಾ ಏನ್ ಹಲ್ಲಾಗೆ ಪುಡಿ ಮಾಡ್ಲಾ?”

“ಇಪ್ಪತ್ತೇಳು ಪರ್ಸೆಂಟ್ ಆಗೈತಿ ಕಣೇ, ಸ್ವಲ್ಪ ತಡ್ಕೊ!”

ಅದು ಇಪ್ಪತ್ತೇಳರಲ್ಲೇ ಮುಕ್ಕಾಲು ಗಂಟೆ ಕೂತಿತು. ಕೊಟ್ರೇಶರ ತಾಯಿ ಹಾಲವ್ವ ಬಂದು ಲ್ಯಾಪ್‌ಟಾಪಿನ ಹಣೆಗೆ ವಿಭೂತಿ ಹಚ್ಚಿದಳು. ಇಪ್ಪತ್ತೆಂಟಾಯಿತು! ಅತ್ತ ಜಗದಾಂಬಾ ಒರಳಿನಲ್ಲಿ ಕುಟ್ಟುತ್ತಿದ್ದ ಶೇಂಗಾದ ಪ್ರತಿ ಪೆಟ್ಟೂ ತಮ್ಮ ಬೆನ್ನಿಗೇ ಬಿದ್ದಂತೆ ಕೊಟ್ರೇಶರಿಗೆ ಕೇಳುತ್ತಿತ್ತು. ಎಂಟೂಕಾಲಿಗೆ ಪರದೆ ಬೆಳಗಿತು: ‘ಅಪ್‌ಡೇಟ್ ಪೂರ್ಣಗೊಂಡಿದೆ.’ ಕೊಟ್ರೇಶ್ ಒಂದು ಸಾಮ್ರಾಜ್ಯ ಗೆದ್ದವರಂತೆ ಎದ್ದು ನಿಂತು, ತಾವೇ ಹೋಗಿ ಗೀಸರ್ ಹಾಕಿದರು.

ಭಾನುವಾರ ಹನ್ನೊಂದಕ್ಕೆ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಸೇನಾಪತಿ ಕೊಟ್ರೇಶ್. ಇಪ್ಪತ್ತಾರು ಮುಖಗಳೂ ಕನ್ನಡಿಯಲ್ಲಿ ಕಂಡಂತೆ ಸ್ಪಷ್ಟ. ಜಗದಾಂಬಾಳ ಮಾತು ಲಟ್ಟಣಿಗೆಯಷ್ಟೇ ಸಲೀಸಾಗಿ ಓಡುತ್ತಿತ್ತು. ಮೊದಲ ಹೋಳಿಗೆ ಹಂಚಿನ ಮೇಲೆ ಬಿತ್ತು. “ಈಗ ಅಂಚು ಬಿಡೋದನ್ನ ಕಣ್ಣು ಪಿಳುಕಿಸದೆ ನೋಡ್ರಿ,” ಎಂದಳು.

ಅಷ್ಟರಲ್ಲಿ ಮೂಲೆಯಲ್ಲಿ ಪುಟ್ಟ ಪೆಟ್ಟಿಗೆ: ‘ಇನ್ನೊಂದು ಅಪ್‌ಡೇಟ್ ಇದೆ.’ ಕೊಟ್ರೇಶ್ ನಸುನಕ್ಕರು. ಎಂಟು ತಿಂಗಳು ಪಳಗಿದ ಬೆರಳು ತಾನಾಗಿಯೇ ಬಲಗಡೆಗೆ ಹೋಗಿ ಒತ್ತಿತು. ಹೊಸ ಅವತಾರದಲ್ಲಿ ‘ನಾಳೆ’ ಎಡಕ್ಕೆ ಹೋಗಿತ್ತು. ಬಲಕ್ಕೆ ಇದ್ದದ್ದು ‘ಈಗಲೇ’.

ಇಪ್ಪತ್ತಾರು ಮುಖಗಳೂ ಒಮ್ಮೆಲೇ ಕತ್ತಲಲ್ಲಿ ಮುಳುಗಿದವು.

ಜಗದಾಂಬಾ ಗಂಡನನ್ನು ನೋಡಿದಳು. ಸೊಂಟದಿಂದ ಮೊಬೈಲ್ ತೆಗೆದು, ಎರಡು ಸಲ ಒತ್ತಿ ಅದರಲ್ಲೇ ತರಗತಿಗೆ ಮರಳಿ ಸೇರಿ, ಅವರ ಕೈಗೆ ಕೊಟ್ಟಳು. “ಎತ್ತಿ ಹಿಡೀರಿ. ಅಲುಗಾಡಬ್ಯಾಡ್ರಿ.”

ಹೋಳಿಗೆ ಇನ್ನೂ ಸೀದಿರಲಿಲ್ಲ. ಕೊಟ್ರೇಶ್ ಬೆವರುತ್ತ, ತೋಳು ಸೋತರೂ ಕೆಳಗಿಳಿಸದೆ, ನಲವತ್ತು ನಿಮಿಷ ನಿಂತರು. ತರಗತಿ ಎಷ್ಟು ಸೊಗಸಾಗಿ ಮುಗಿಯಿತೆಂದರೆ ಇಪ್ಪತ್ತಾರು ಜನರೂ ಮುಂದಿನ ವಾರಕ್ಕೂ ಹೆಸರು ಬರೆಸಿದರು. ಅತ್ತ ಲ್ಯಾಪ್‌ಟಾಪ್ ಇಪ್ಪತ್ತೇಳು ಪರ್ಸೆಂಟಿನಲ್ಲಿ ನಿಂತಿತ್ತು.

ಕೊನೆಗೆ ಕುರುಬರಹಳ್ಳಿಯ ಕಲಾ ಎಂಬುವರು ಕೇಳಿದರು: “ಆಂಟಿ, ಲ್ಯಾಪ್‌ಟಾಪಿಗಿಂತ ಇದೇ ಚೆನ್ನಾಗಿ ಕಾಣ್ತು. ಮೊಬೈಲ್ ಸ್ಟ್ಯಾಂಡ್ ಎಲ್ಲಿ ತಗೊಂಡ್ರಿ? ಒಂಚೂರೂ ಅಲ್ಲಾಡ್ಲಿಲ್ಲ.”

“ಊರ ಕಡೇದವ್ವಾ, ಮದುವ್ಯಾಗೆ ಬಂದದ್ದು,” ಎಂದಳು ಜಗದಾಂಬಾ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. “ಬಾಳ ಗಟ್ಟಿ ಐತಿ. ಒಂದೇ ದೋಷ, ಏನ್ ಕೆಲಸ ಹೇಳಿದ್ರೂ ನಾಳೆ ಅಂತೈತಿ.”

ಸ್ಟ್ಯಾಂಡು ಆಗ ಮೊದಲ ಸಲ ಅಲುಗಾಡಿತು.