ಸಿಂಥಿಯಾಳ ಇಂಜೆಕ್ಷನ್

ತನಗಿಂತ ಐದು ವರ್ಷ ದೊಡ್ಡವಳಾದ ಓರಗಿತ್ತಿ ಸಿಂಥಿಯಾಳ ಮುಖ ಒಂದೇ ತಿಂಗಳಲ್ಲಿ ಹೊಳೆಯತೊಡಗಿದ್ದನ್ನು ಸೆಲೀನ್ ಹೇಗೋ ಸಹಿಸಿಕೊಂಡಿದ್ದಳು. ಪಕ್ಕದ ಮನೆಯ ವಿನೋದಾ ಸುಮ್ಮನಿರಬೇಕಲ್ಲ!

"ಸೆಲೀನಕ್ಕ, ಸಿಂಥಿಯಾಬಾಯಿ ಮಣಿಪಾಲದಲ್ಲಿ ಇಂಜೆಕ್ಷನ್ ತಗೊಂಡದ್ದಂತೆ. ಎಂತದೋ ಹೈಲುರಾನಿಕ್ ಆಸಿಡ್. ಅಲ್ಲಿ ಮೆಡಿಕಲ್ ಶಾಪಲ್ಲಿ ನನ್ನ ತಂಗಿ ಉಂಟಲ್ವಾ, ಅವಳೇ ಕೊಟ್ಟದ್ದು."

ಅದು ಸುಕ್ಕು ತೆಗೆಯುವ ಔಷಧವೆಂದು ಸೆಲೀನಳ ಕ್ರೀಮಿನ ಡಬ್ಬಿಯ ಮೇಲೆಯೇ ಬರೆದಿತ್ತು. ಕಳ್ಳಿ! ಕೇಳಿದರೆ ಏನೂ ಹಚ್ಚುವುದಿಲ್ಲ ಎನ್ನುತ್ತಿದ್ದಳು.

ಅಂದು ಸಂಜೆ ಸಂತೆಕಟ್ಟೆಯಲ್ಲಿ ನಾದಿನಿಯ ಮಗ ಬ್ರಯಾನನ ರೋಸ್. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಆ ಶಾಸ್ತ್ರದಲ್ಲಿ ವೊವಿಯೊ ಎಂಬ ಕೊಂಕಣಿ ಮದುವೆ ಹಾಡುಗಳನ್ನು ಎದ್ದು ನಿಂತು ಎತ್ತಿಕೊಡುವವಳು ವರ್ಷಗಳಿಂದ ಸೆಲೀನಳೇ. ಇಡೀ ಚಪ್ಪರ ಅವಳ ಬಾಯಿಯನ್ನೇ ನೋಡುತ್ತದೆ. ಹಾಗಾಗಿ ತುಟಿಗೇ ಚುಚ್ಚಿಸಿಕೊಳ್ಳುವುದೆಂದು ಬೆಳಿಗ್ಗೆಯೇ ಮಣಿಪಾಲದ ಬಸ್ಸು ಹತ್ತಿದಳು.

"ಎರಡು ದಿನ ಊತ ಇರ್ತದೆ. ಮದುವೆ ಮುಗಿಸಿ ಬನ್ನಿ," ಎಂದರು ಡಾಕ್ಟರು.

"ಮದುವೆ ಮುಗಿದ ಮೇಲೆ ಯಾರಿಗೆ ತೋರಿಸ್ಲಿಕ್ಕೆ ಡಾಕ್ಟ್ರೇ?"

ಮನೆ ಮುಟ್ಟುವಾಗ ತುಟಿಗಳು ಎಣ್ಣೆಗೆ ಬಿದ್ದ ಬನ್ಸಿನಂತೆ ಉಬ್ಬಿದ್ದವು. ಗಂಡ ವಲೇರಿಯನ್ ಹೌಹಾರಿದ. "ಕಣಜ ಕಚ್ಚಿತಾ ಮಾರಾಯ್ತಿ?"

ಸೆಲೀನ್ ಹೌದೆಂದು ತಲೆಯಾಡಿಸಿದಳು. ವಿನೋದಾ ಓಡಿ ಬಂದು ಅರಸಿನ ಮೆತ್ತಿದಳು. ಬನ್ಸಿಗೆ ಬಣ್ಣವೂ ಬಂತು.

ಚಪ್ಪರದಲ್ಲಿ ಸೆಲೀನ್ ಬಾಯಿ ತೆರೆದಾಗ ಹಾಡಿನ ಬದಲು 'ಫೂ' ಎಂದು ಗಾಳಿ ಹೊರಟಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಶಾಸ್ತ್ರ ನಡೆಸುತ್ತಿದ್ದ ಜೋಕಿಮ್ ಮಾಮನಿಗೆ ಹೊತ್ತು ಮೀರುವ ಚಿಂತೆ. "ಸಿಂಥಿಯಾ, ನೀನು ಎತ್ತು ನೋಡುವ."

ಸಿಂಥಿಯಾ ಎದ್ದು ನಿಂತು ಹಾಡಿದಳು. ದರಿದ್ರದವಳ ದನಿಯೂ ಚೆನ್ನಾಗಿತ್ತು. ದೀಪದ ಬೆಳಕಿಗೆ ಆ ಮುಖ ಬೇರೆ ಫಳಫಳ. ಹಾಡು ಮುಗಿದದ್ದೇ ತಡ, ಸೆಲೀನ್ ಊದಿದ ಬಾಯಲ್ಲೇ ಕೂಗಿದಳು:

"ನನ್ನದು ಮಾತ್ರ ಅಲ್ಲ, ಅವಳದ್ದೂ ಇಂಜೆಕ್ಷನ್ನಿನ ಮುಖವೇ!"

"ಹಾಗಾದ್ರೆ ಕಣಜ?" ಎಂದ ವಲೇರಿಯನ್.

ಸಿಂಥಿಯಾ ನಕ್ಕಳು. "ಇಂಜೆಕ್ಷನ್ ಹೌದು ಸೆಲೀನ್, ಆದ್ರೆ ಮುಖಕ್ಕಲ್ಲ, ಮೊಣಕಾಲಿಗೆ. ಸಂಧಿ ಸವೆದಿತ್ತು. ಈಗ ನೋವಿಲ್ಲ, ರಾತ್ರಿ ಒಳ್ಳೆ ನಿದ್ದೆ ಬರ್ತದೆ. ಮುಖ ಅದರಷ್ಟಕ್ಕೇ ಸರಿಯಾಯ್ತು. ನಿಲ್ಲಲಿಕ್ಕೆ ಆಗದ್ದಕ್ಕೇ ಅಲ್ವಾ ಇಷ್ಟು ವರ್ಷ ಹಾಡು ನಿನಗೆ ಬಿಟ್ಟದ್ದು? ಇನ್ನು ನೀನು ಕೂತ್ಕೋ."

ಅವಳು ಮುಂದಿನ ಹಾಡು ಎತ್ತಿಕೊಂಡಳು. ಹೆಂಗಸರೆಲ್ಲ ಸೊಲ್ಲು ಕೂಡಿಸಿದರು. ಸೆಲೀನಳಿಂದ ಅದೂ ಆಗಲಿಲ್ಲ.