ಫ್ರಿಜ್ಜಿನ ವಾಸನೆಗೆ ಕರೆದವರು

ನಾನು ಕಲಿತದ್ದು ಫ್ರಿಜ್ ರಿಪೇರಿ. ಶಿವಮೊಗ್ಗ, ಭದ್ರಾವತಿಯ ಜನ ನನ್ನನ್ನು ಕರೆಸುವುದು ಮಾತ್ರ ವಾಸನೆ ತೆಗೆಯಲಿಕ್ಕೆ. ಕೆಟ್ಟ ಫ್ರಿಜ್ಜನ್ನು ಸರಿ ಮಾಡಬಹುದು, ಹಳಸಿದ ಸಾರನ್ನು ಏನು ಮಾಡಲಿ? ಸಾಕಾಗಿ ಹೋಗಿದೆ. ಆದರೂ ಫೋನ್ ಬಂದರೆ ಹೊರಡುತ್ತೇನೆ.

೧. ಮದ್ದು

ಭದ್ರಾವತಿ ಓಲ್ಡ್ ಟೌನ್‌ನ ಅಜ್ಜಿಯೊಬ್ಬರ ಫ್ರಿಜ್ ತೆಗೆದೆ. ಮೇಲೆ ಇದ್ದಿಲು, ನಡುವೆ ಬಟ್ಟಲುಗಟ್ಟಲೆ ಕಾಫಿಪುಡಿ, ಕೆಳಗೆ ಅಡುಗೆ ಸೋಡಾ. ವಾಸನೆ ಚೂರೂ ಇಲ್ಲ.

"ಚೆನ್ನಾಗೇ ಇದೆಯಲ್ಲ ಅಜ್ಜಿ. ಹಾಲು, ಮೊಸರು ಎಲ್ಲಿ?"

"ಇದರಲ್ಲಿ ಜಾಗ ಎಲ್ಲಿದೆ? ಪಕ್ಕದ ಮನೆ ಫ್ರಿಜ್ಜಲ್ಲಿ ಇಟ್ಟಿದ್ದೀನಿ. ಈಗ ಅದೂ ನಾರ್ತಿದೆ ಅಂತ ಬೈತಾರೆ. ಅದಕ್ಕೇ ನಿನ್ನ ಕರೆಸಿದ್ದು."

೨. ಹಲಸು

ಗಾಜನೂರಿನ ಯಜಮಾನರೊಬ್ಬರ ಮನೆಯಲ್ಲಿ ಹಾಲಿಗೆ, ಬೆಣ್ಣೆಗೆ, ಕೊನೆಗೆ ಐಸಿಗೂ ಹಲಸಿನ ವಾಸನೆ. ನೋಡಿದರೆ ಒಳಗೆ ಅರ್ಧ ಹಣ್ಣು ಆರಾಮಾಗಿ ಕೂತಿದೆ.

"ಹಣ್ಣು ಹೊರಗಿಡಿ ಸ್ವಾಮಿ, ಸರಿಹೋಗುತ್ತೆ."

"ಹೊರಗಿಟ್ರೆ ಮನೆಯೆಲ್ಲ ವಾಸನೆ ಮಾರಾಯ! ಅದಕ್ಕೇ ತಾನೇ ಒಳಗಿಟ್ಟಿರೋದು?"

೩. ಇಲಿ

ರವೀಂದ್ರನಗರದಲ್ಲಿ ಈರುಳ್ಳಿಯನ್ನೂ ಒಳಗೆ ತರದ ಮನೆ. ಯಜಮಾನರು ನಿವೃತ್ತ ಸಂಸ್ಕೃತ ಮೇಷ್ಟ್ರು. ಅಗರಬತ್ತಿ, ಸಾಂಬ್ರಾಣಿ ಎಲ್ಲ ಆದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿದ್ದರು. ಫ್ರಿಜ್ಜನ್ನು ಗೋಡೆಯಿಂದ ಎಳೆದೆ. ಹಿಂದೆ ಕಂಪ್ರೆಸರ್ ಪಕ್ಕ ಒಂದು ಪೊಟ್ಟಣ ಜಾರಿ ಬಿದ್ದಿತ್ತು. ಬಿಚ್ಚಿದರೆ ನಿಂಬೆ ಹೋಳುಗಳ ಸಮೇತ ಕೋಳಿ ಕಬಾಬು!

ಮೇಷ್ಟ್ರು ಓಡಿ ಬಂದರು. ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಅವಳಿಗೆ ಗೊತ್ತಾದ್ರೆ ಈ ಮನೇಲಿ ನನಗೆ ಊಟ ಇಲ್ಲ. ಇಲಿ ಸತ್ತಿತ್ತು ಅನ್ನು, ನಿನ್ನ ದಮ್ಮಯ್ಯ."

ವಯಸ್ಸಾದವರು, ಪಾಪ ಅನ್ನಿಸಿತು. ಪೊಟ್ಟಣವನ್ನು ಚೀಲಕ್ಕೆ ತುರುಕಿ, "ಇಲಿ ಅಮ್ಮಾ" ಎಂದೆ.

ಅಮ್ಮ ಒಳಗಿನಿಂದಲೇ ಹೌಹಾರಿದರು. "ಅಯ್ಯೋ ರಾಮ! ಹೆಣ ಬಿದ್ದಿದ್ದ ಫ್ರಿಜ್ಜಲ್ಲಿ ನೈವೇದ್ಯದ ಹಾಲು ಇಡೋದಾ? ಈಗಲೇ ಹೊರಗೆ ಹಾಕಿ. ಹೊಸದು ಬರೋವರೆಗೂ ನಾನು ಒಲೆ ಹಚ್ಚಲ್ಲ."

ಇಲಿ ಅನ್ನು ಎಂದವರು ಮೇಷ್ಟ್ರೇ. ಚಪ್ಪಲಿ ಮೆಟ್ಟಿ ಫ್ರಿಜ್ ಅಂಗಡಿಗೆ ಹೊರಟರು.

ನಾನು ಬೈಕ್ ಹತ್ತುವಾಗ ಅಮ್ಮ ಗೇಟಿನವರೆಗೂ ಬಂದು, ಒಣಗಿದ ನಿಂಬೆ ಹೋಳೊಂದನ್ನು ನನ್ನ ಕೈಗೆ ಹಾಕಿದರು.

"ನಿನ್ನ ಇಲಿ ಇದನ್ನ ಬಿಟ್ಟುಹೋಗಿದೆ ನೋಡು. ಅವರಿಗೆ ಏನೂ ಹೇಳ್ಬೇಡ ಮಾರಾಯ, ಹೊಸ ಫ್ರಿಜ್ ಮೊದಲು ಮನೆಗೆ ಬರಲಿ."